ಮೀಸೆ ಇದ್ದ ಅಮ್ಮ: ಗಿಜುಭಾಯಿ ಬಧೇಕಾ

ನವೆಂಬರ್ 14 ಮಕ್ಕಳ ದಿನಾಚರಣೆ, ನೆಹರೂ ಅವರ ಹುಟ್ಟುಹಬ್ಬ. ಇದು ಒಂದನೇ ಕ್ಲಾಸಿನವರಿಗೂ ಗೊತ್ತು. ಅದರ ಮಾರನೇ ದಿನ, ಅಂದರೆ ನವೆಂಬರ್ 15, ಇನ್ನೊಬ್ಬರು ಹುಟ್ಟಿದ ದಿನ. ಅವರ ಹೆಸರು ನಮ್ಮ ಕಡೆ ಅಷ್ಟಾಗಿ ಕೇಳಿಬರೋದಿಲ್ಲ, ಆದರೆ ಗುಜರಾತಿನಲ್ಲಿ ಮನೆಮಾತು. ಅವರೇ ಗಿಜುಭಾಯಿ ಬಧೇಕಾ. ಕಲಿತದ್ದು ವಕೀಲಿ. ಮುಖದ ಮೇಲೆ ದಪ್ಪ ಮೀಸೆ. ಆದರೂ ಅಲ್ಲಿನ ಜನ ಅವರನ್ನು ಕರೆದದ್ದು ಮೂಛಾಳೀ ಮಾ ಅಂತ. ಹಾಗಂದರೆ ಮೀಸೆ ಇರುವ ತಾಯಿ. ಒಬ್ಬ ವಕೀಲರು ತಾಯಿ ಆದದ್ದು ಹೇಗೆ ಅನ್ನೋದೇ ಈ ಸಂಚಿಕೆಯ ಮಹನೀಯರ ಜೀವನ.

ದೊಡ್ಡ ಕ್ಲಾಸಿನ ಮಕ್ಕಳೇ, ಇದನ್ನು ನೀವು ಓದಿಕೊಂಡು ಸುಮ್ಮನಾಗಬೇಡಿ. ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದಾರೆ. ಅಮ್ಮ ಹೊಲಕ್ಕೆ ಹೋದರೆ ಅವರನ್ನು ನೋಡಿಕೊಳ್ಳೋರು ನೀವೇ. ಈ ಕತೆ ಆ ವಯಸ್ಸಿನವರದು.

ಗಿಜುಭಾಯಿಯ ಪೂರ್ತಿ ಹೆಸರು ಗಿರಿಜಾಶಂಕರ ಭಗವಾನ್‌ಜೀ ಬಧೇಕಾ. 1885ನೇ ಇಸವಿ ನವೆಂಬರ್ 15ರಂದು ಸೌರಾಷ್ಟ್ರದ ಚಿತಳ ಎಂಬ ಊರಿನಲ್ಲಿ ಹುಟ್ಟಿದರು. ಗುಜರಾತಿನ ನಕಾಶೆ ನೋಡಿದರೆ ಸಮುದ್ರದೊಳಕ್ಕೆ ಚಾಚಿಕೊಂಡ ಭಾಗ ಒಂದಿದೆಯಲ್ಲ, ಅದೇ ಸೌರಾಷ್ಟ್ರ. ಆಗ ಅಲ್ಲಿ ಚಿಕ್ಕಪುಟ್ಟ ಸಂಸ್ಥಾನಗಳು ಬೇಕಾದಷ್ಟು ಇದ್ದವು. ಅವುಗಳಲ್ಲಿ ದೊಡ್ಡದೊಂದು ಭಾವನಗರ. ಗಿಜುಭಾಯಿ ಹೈಸ್ಕೂಲು, ಕಾಲೇಜು ಅಂತ ಓದಿದ್ದು ಭಾವನಗರದಲ್ಲೇ. ಅಲ್ಲಿನ ಸಾಮಲದಾಸ್ ಕಾಲೇಜಿನಲ್ಲಿ ಅವರಿಗಿಂತ ಮುಂಚೆ ಗಾಂಧೀಜಿಯವರೂ ಸ್ವಲ್ಪ ದಿನ ಓದಿ ಬಿಟ್ಟು ಹೋಗಿದ್ದರು.

ಅವರ ಕಾಲದ ಶಾಲೆ ಹೇಗಿತ್ತು ಅಂತ ನಿಮ್ಮ ತಾತನ್ನ ಕೇಳಿದರೂ ಹೇಳ್ತಾರೆ. ಕೋಲು ಇಲ್ಲದ ಮೇಷ್ಟ್ರು ಮೇಷ್ಟ್ರೇ ಅಲ್ಲ ಅಂತ ಜನ ನಂಬಿದ್ದ ಕಾಲ. ಮಗ್ಗಿ ತಪ್ಪಿದರೆ ಏಟು, ಪಕ್ಕಕ್ಕೆ ತಿರುಗಿದರೆ ಏಟು. ಅರ್ಥ ಆಗಲಿ ಬಿಡಲಿ, ಬಾಯಿಪಾಠ ಒಪ್ಪಿಸಬೇಕು. ಮಗುವನ್ನು ಸ್ಕೂಲಿಗೆ ಬಿಡೋಕೆ ಬಂದ ಅಪ್ಪನೇ, ಚೆನ್ನಾಗಿ ಬಾರಿಸಿ ಮೇಷ್ಟ್ರೇ, ಆಗಲೇ ಬುದ್ಧಿ ಬರೋದು ಅಂತ ಹೇಳಿ ಹೋಗೋದು. ಈ ಮಾತು ನಮ್ಮೂರ ಕಡೆಯೂ ತೀರಾ ಹಳೇದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಶಾಲೆಯಲ್ಲಿ ಮಗುವನ್ನು ಹೊಡೆಯೋದು ಕಾನೂನಿಗೆ ವಿರುದ್ಧ. ಗಿಜುಭಾಯಿ ಅದನ್ನು ಹೇಳಿದ್ದು ಅದಕ್ಕೂ ಸುಮಾರು ತೊಂಬತ್ತು ವರ್ಷ ಮೊದಲು.

ಕಾಲೇಜು ಅರ್ಧಕ್ಕೆ ನಿಂತಿತು. ಹೊಟ್ಟೆಪಾಡಿಗೆ 1907ರಲ್ಲಿ ಪೂರ್ವ ಆಫ್ರಿಕಾಕ್ಕೆ ಹೋದರು. ಆಗ ಗುಜರಾತಿನವರು ಹಡಗು ಹತ್ತಿ ಅಲ್ಲಿಗೆ ಹೋಗೋದು ಮಾಮೂಲಾಗಿತ್ತು. ಎರಡು ವರ್ಷ ಇದ್ದು 1909ರಲ್ಲಿ ವಾಪಸ್ ಬಂದರು. ಆಮೇಲೆ ಮುಂಬಯಿಯಲ್ಲಿ ಕಾನೂನು ಓದಿ, ಸೌರಾಷ್ಟ್ರದ ವಢವಾಣದಲ್ಲಿ ವಕೀಲರಾದರು. ಕೋರ್ಟು, ಕಕ್ಷಿಗಾರರು, ನಾಲ್ಕು ಕಾಸು ಸಂಪಾದನೆ. ಹೀಗೇ ಹೋಗಿದ್ದರೆ ಅವರ ಬಗ್ಗೆ ನಾವು ಇವತ್ತು ಡ್ರಾಯಿಂಗ್ ಶೀಟಿನ ಮೇಲೆ ಬರೆಯೋ ಪ್ರಮೇಯವೇ ಇರ್ತಿರಲಿಲ್ಲ.

1913ರಲ್ಲಿ ಅವರಿಗೆ ಗಂಡು ಮಗು ಹುಟ್ಟಿತು. ನರೇಂದ್ರ ಅಂತ ಹೆಸರಿಟ್ಟರು. ಮಗು ಹುಟ್ಟಿದರೆ ಎಲ್ಲರೂ ಜಾತಕ ಬರೆಸ್ತಾರೆ, ಇವರು ಮಾತ್ರ ಬೇರೆ ಯೋಚನೆಗೆ ಬಿದ್ದರು. ನಾನು ತಿಂದ ಏಟುಗಳನ್ನೇ ಇವನೂ ತಿನ್ನಬೇಕಾ? ನಾನು ಹೆದರಿಕೊಂಡು ಹೋದ ಶಾಲೆಗೇ ಇವನೂ ಹೋಗಬೇಕಾ? ಬೇರೆ ಥರದ ಶಾಲೆ ಎಲ್ಲಾದರೂ ಇದೆಯಾ ಅಂತ ಅವರಿವರನ್ನು ವಿಚಾರಿಸಿದರು. ಗುಜರಾತಿನ ವಸೋ ಎಂಬ ಊರಿನಲ್ಲಿ ಮಕ್ಕಳ ಶಿಕ್ಷಣದ ಹೊಸ ಪ್ರಯತ್ನ ನಡೀತಿದೆ ಅಂತ ತಿಳಿದು ಅಲ್ಲಿಗೆ ಹೋದರು. ಅಲ್ಲಿ ಸಿಕ್ಕವರು ಮೋತಿಭಾಯಿ ಅಮೀನ್, ಊರೂರಲ್ಲಿ ಲೈಬ್ರರಿ ಕಟ್ಟಿಸಿದ ಪುಣ್ಯಾತ್ಮರು. ಅವರು ಗಿಜುಭಾಯಿಗೆ ಓದೋಕೆ ಕೊಟ್ಟದ್ದು ಮಾಂಟೆಸ್ಸರಿ ಪದ್ಧತಿಯ ಬಗೆಗಿನ ಪುಸ್ತಕ. ವಕೀಲರ ದಾರಿ ತಿರುಗಿದ್ದು ಅಲ್ಲೇ.

ಮಾಂಟೆಸ್ಸರಿ ಅನ್ನೋದು ಈಗ ಪೇಟೆಯ ಶಾಲೆಗಳ ಬೋರ್ಡಿನ ಮೇಲೆಲ್ಲ ಕಾಣುವ ಪದ. ಅದು ಒಬ್ಬ ಹೆಂಗಸಿನ ಹೆಸರು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಾರಿಯಾ ಮಾಂಟೆಸ್ಸರಿ ಇಟಲಿ ದೇಶದ ಡಾಕ್ಟರು, 1870ರಲ್ಲಿ ಹುಟ್ಟಿದವರು. ರೋಮ್ ನಗರದ ಸಾನ್ ಲೊರೆಂಜೋ ಎಂಬ ಬಡವರ ಬೀದಿಯಲ್ಲಿ ಕೂಲಿಯವರ ವಠಾರ ಇತ್ತು. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಮಕ್ಕಳು ದಿನವಿಡೀ ಗೋಡೆ ಗೀಚಿಕೊಂಡು, ಮೆಟ್ಟಿಲ ಮೇಲೆ ಉರುಳಾಡಿಕೊಂಡು ಇರ್ತಿದ್ದವು. ಕಟ್ಟಡದ ಯಜಮಾನರು ಆ ಮಕ್ಕಳನ್ನು ಒಂದು ಕಡೆ ಕೂರಿಸಿದರೆ ಸಾಕು ಅಂತ ಕೋಣೆಯೊಂದನ್ನು ಬಿಟ್ಟುಕೊಟ್ಟರು. 1907ರ ಜನವರಿ 6ರಂದು ಅಲ್ಲಿ ಆಕೆ ಮಕ್ಕಳ ಮನೆ ಶುರು ಮಾಡಿದರು. ಅಂದರೆ ಮೊದಲ ಮಾಂಟೆಸ್ಸರಿ ಶಾಲೆ ನಡೆದದ್ದು ಕಾರಿನಲ್ಲಿ ಬಂದಿಳಿಯುವ ಮಕ್ಕಳಿಗಲ್ಲ, ಕೂಲಿಕಾರರ ಮಕ್ಕಳಿಗೆ. ಇದನ್ನು ಯಾಕೋ ಎಲ್ಲರೂ ಮರೆತುಬಿಟ್ಟಿದ್ದಾರೆ.

ಆಕೆ ಕಂಡುಕೊಂಡದ್ದು ಏನು? ಚಿಕ್ಕ ಮಗುವಿಗೆ ಕಲಿಯೋ ಆಸೆ ಹುಟ್ಟಿನಿಂದಲೇ ಇರುತ್ತೆ, ಹೊಡೆದು ತುಂಬಬೇಕಿಲ್ಲ. ಅದು ಮೊದಲು ಕಲಿಯೋದು ಕೈಯಿಂದ. ಒಂದು ಮರದ ತುಂಡಿನಲ್ಲಿ ಬೇರೆ ಬೇರೆ ಅಳತೆಯ ತೂತುಗಳು, ಅವಕ್ಕೆ ಸರಿಯಾಗಿ ಕೂರುವ ಹಿಡಿ ಇರುವ ಗುಂಡುಗಳು. ಮಗು ಹಿಡಿಯನ್ನು ಮೂರು ಬೆರಳಲ್ಲಿ ಹಿಡಿದು ಗುಂಡು ಕೂರಿಸುತ್ತೆ. ತಪ್ಪು ತೂತಿಗೆ ಹಾಕಿದರೆ ಕೂರೋದಿಲ್ಲ, ಇಲ್ಲಾ ಕೊನೆಗೆ ಒಂದು ಉಳಿದುಬಿಡುತ್ತೆ. ತಪ್ಪು ಅಂತ ಯಾರೂ ಗದರಿಸಬೇಕಿಲ್ಲ, ಮರದ ತುಂಡೇ ಹೇಳುತ್ತೆ. ಇನ್ನೊಂದು ವಿಷಯ ನೋಡಿ. ಆ ಮೂರು ಬೆರಳೇ ಮುಂದೆ ಬಳಪ ಹಿಡಿಯುವ ಬೆರಳು. ಆಟ ಅಂತ ಆಡಿದ್ದೇ ಬರವಣಿಗೆಗೆ ತಯಾರಿ. ಆಮೇಲೆ ಉಜ್ಜುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳು. ಮಗು ಅವುಗಳ ಮೇಲೆ ಬೆರಳಾಡಿಸುತ್ತಾ ಆ ಅಕ್ಷರದ ಸದ್ದು ಹೇಳುತ್ತೆ. ಕಣ್ಣಿಗೆ, ಕಿವಿಗೆ, ಬೆರಳಿಗೆ ಮೂರಕ್ಕೂ ಒಟ್ಟಿಗೆ ಪಾಠ.

ನಮ್ಮ ಒಂದನೇ ಕ್ಲಾಸಿನಲ್ಲಿ ಅ ಆ ಇ ಈ ಬದಲು ರ ಗ ಸ ದ ಅ ಅಂತ ಶುರು ಮಾಡ್ತಾರಲ್ಲ, ಅಜ್ಜಂದಿರು ಅದನ್ನು ನೋಡಿ ಇದೇನು ಹೊಸ ಕಾಗುಣಿತ ಅಂತ ನಗ್ತಾರೆ. ಅದರ ಹಿಂದೆಯೂ ಇಂಥದ್ದೇ ಲೆಕ್ಕ. ರ ಬರೆಯೋಕೆ ಬಂದರೆ ಕೈ ಸ್ವಲ್ಪ ತಿರುಗಿಸಿ ಸ, ದ, ಅ ಬರೆಯೋದು ಸುಲಭ. ಕೈಗೆ ಯಾವುದು ಹಗುರವೋ ಅದು ಮೊದಲು.

ಈಗ ಮತ್ತೆ ಗಿಜುಭಾಯಿ ಕಡೆ ಬರೋಣ. ಆ ಹೊತ್ತಿಗೆ ಭಾವನಗರದಲ್ಲಿ ದಕ್ಷಿಣಾಮೂರ್ತಿ ಎಂಬ ವಿದ್ಯಾರ್ಥಿನಿಲಯ ನಡೀತಿತ್ತು. ದಕ್ಷಿಣಾಮೂರ್ತಿ ಅಂದರೆ ಗುರುವಿನ ರೂಪದ ಶಿವ, ಮೌನದಲ್ಲೇ ಶಿಷ್ಯರಿಗೆ ಬೋಧಿಸಿದವನು. ಕಾಲೇಜಿನಲ್ಲಿ ಪಾಠ ಹೇಳ್ತಿದ್ದ ನಾನಾಭಾಯಿ ಭಟ್ಟರು 1910ರಲ್ಲಿ ಅದನ್ನು ಶುರು ಮಾಡಿದ್ದರು. ಆ ಸಂಸ್ಥೆಯ ಕಾಗದಪತ್ರ, ನಿಯಮಾವಳಿ ಬರೆದುಕೊಡೋ ವಕೀಲರಾಗಿ ಗಿಜುಭಾಯಿಯ ಸಂಬಂಧ ಬೆಳೆಯಿತು. 1916ರಲ್ಲಿ ವಕೀಲಿಯನ್ನು ಬಿಟ್ಟೇಬಿಟ್ಟು ಅಲ್ಲಿಗೇ ಸೇರಿಕೊಂಡರು. ಹೆಂಡತಿ, ಮೂರು ವರ್ಷದ ಮಗ ಇದ್ದ ಮನುಷ್ಯ ನಡೀತಿದ್ದ ವಕೀಲಿ ಬಿಟ್ಟು ವಿದ್ಯಾರ್ಥಿನಿಲಯದ ಕೆಲಸಕ್ಕೆ ಹೋಗೋದು ಅಂದರೆ ಸಾಮಾನ್ಯವಲ್ಲ. ನೆಂಟರಿಷ್ಟರು ಏನಂದಿರಬಹುದು ಅಂತ ನೀವೇ ಊಹಿಸಿಕೊಳ್ಳಿ.

ಮೊದಲು ಅವರಿಗೆ ಸಿಕ್ಕಿದ್ದು ದೊಡ್ಡ ಹುಡುಗರ ಶಾಲೆ. ಅಲ್ಲಿ ನಾಲ್ಕು ವರ್ಷ ದುಡಿದ ಮೇಲೆ ಅವರಿಗೆ ಒಂದು ವಿಷಯ ಮನಸ್ಸಿಗೆ ಬಂತು. ಹೈಸ್ಕೂಲಿಗೆ ಬರೋ ಹೊತ್ತಿಗೆ ಹುಡುಗ ಹೆದರಿಕೆಯನ್ನೋ ಸುಳ್ಳನ್ನೋ ಕಲಿತುಬಿಟ್ಟಿರ್ತಾನೆ. ಅದನ್ನು ಬಿಡಿಸೋಕೇ ಅರ್ಧ ಆಯಸ್ಸು ಹೋಗುತ್ತೆ. ಗಿಡ ಸೊಟ್ಟಗಾದ ಮೇಲೆ ಕಟ್ಟಿಗೆ ಕೊಡೋದಕ್ಕಿಂತ ಸಸಿಯಲ್ಲೇ ನೋಡಿಕೊಳ್ಳಬೇಕು. ಹೀಗೆ ಯೋಚಿಸಿ 1920ರಲ್ಲಿ ಬಾಲಮಂದಿರ ತೆರೆದರು. ಎರಡೂವರೆ ವರ್ಷದಿಂದ ಆರು ವರ್ಷದ ಮಕ್ಕಳಿಗೆ. ಆಮೇಲೆ ಭಾವನಗರದ ತಖ್ತೇಶ್ವರ ಗುಡ್ಡದ ಬಳಿ ಅದಕ್ಕೆ ಸ್ವಂತ ಕಟ್ಟಡ ಆಯಿತು. 1922ರಲ್ಲಿ ಅದನ್ನು ಉದ್ಘಾಟಿಸಿದವರು ಕಸ್ತೂರಬಾ.

ಎರಡೂವರೆ ವರ್ಷದ ಮಗುವಿಗೆ ಶಾಲೆ ಯಾಕೆ ಅಂತ ಆಗ ಯಾರಿಗೂ ಅರ್ಥ ಆಗ್ತಿರಲಿಲ್ಲ. ಬಾಲಮಂದಿರದಲ್ಲಿ ಗಂಟೆ ಬಾರಿಸಿ ಸಾಲಾಗಿ ಕೂರಿಸೋದು ಇರಲಿಲ್ಲ. ಬೆತ್ತ ಇರಲಿಲ್ಲ. ಪರೀಕ್ಷೆ ಇರಲಿಲ್ಲ. ಬಹುಮಾನವೂ ಇರಲಿಲ್ಲ. ಶಿಕ್ಷೆ ಬೇಡ ಅಂದರೆ ಒಪ್ಪಬಹುದು, ಬಹುಮಾನ ಯಾಕೆ ಬೇಡ ಅಂತ ನೀವು ಕೇಳಬಹುದು. ಬಹುಮಾನಕ್ಕೆ ಕಲಿತ ಮಗು ಬಹುಮಾನ ನಿಂತ ದಿನ ಕಲಿಯೋದನ್ನೂ ನಿಲ್ಲಿಸುತ್ತೆ, ಮತ್ತೆ ಬಹುಮಾನ ಸಿಗದ ಇನ್ನೊಂದು ಮಗುವಿಗೆ ಅದೇ ಶಿಕ್ಷೆ ಅನ್ನೋದು ಅವರ ಅಭಿಪ್ರಾಯ. ನನಗೇನೋ ಇದು ಪೂರ್ತಿ ಒಪ್ಪಿಗೆ ಆಗಿಲ್ಲ. ನಮ್ಮ ಆಟೋಟದ ದಿನ ಒಂದು ಸೋಪುಡಬ್ಬಿ ಸಿಕ್ಕಿದರೂ ಮಕ್ಕಳ ಮುಖ ಅರಳೋದನ್ನು ನೋಡಿದ್ದೀನಿ. ಆದರೆ ಮೂರು ವರ್ಷದವರ ವಿಷಯದಲ್ಲಿ ಅವರು ಹೇಳಿದ್ದು ಸರಿ ಅಂತಲೇ ಅನ್ನಿಸುತ್ತೆ.

ಹಾಗಾದರೆ ಮಕ್ಕಳು ಏನು ಮಾಡ್ತಿದ್ದರು? ತಾವೇ ಚಾಪೆ ಹಾಸಿಕೊಳ್ತಿದ್ದರು, ಕಸ ಗುಡಿಸ್ತಿದ್ದರು, ನೀರು ಬಗ್ಗಿಸ್ತಿದ್ದರು. ಗುಂಡಿ ಹಾಕೋದು, ಬಿಚ್ಚೋದು ಕಲೀತಿದ್ದರು. ಮಣ್ಣಿನಲ್ಲಿ ಆನೆ ಕುದುರೆ ಮಾಡ್ತಿದ್ದರು. ಗಿಡಕ್ಕೆ ನೀರು ಹಾಕ್ತಿದ್ದರು, ಹಾಡ್ತಿದ್ದರು, ಕುಣೀತಿದ್ದರು. ಯಾರಿಗೆ ಯಾವುದು ಇಷ್ಟವೋ ಅದನ್ನು ತೆಗೆದುಕೊಂಡು ಎಷ್ಟು ಹೊತ್ತು ಬೇಕಾದರೂ ಮಾಡಬಹುದು. ಒಂದೇ ಕೆಲಸವನ್ನು ಹತ್ತು ಸಲ ಮಾಡಿದರೂ ಯಾರೂ ತಡೀತಿರಲಿಲ್ಲ. ಮಗುವಿಗೆ ಗುಡಿಸೋದು ಕೆಲಸವಲ್ಲ, ಪಾಠ. ಕೈ ಎಷ್ಟು ಎತ್ತಬೇಕು, ಎಲ್ಲಿಂದ ಶುರು ಮಾಡಿ ಎಲ್ಲಿಗೆ ಮುಗಿಸಬೇಕು, ಎಲ್ಲಾ ಅದರಲ್ಲಿದೆ. ಕೆಲವೊಮ್ಮೆ ಶಾಂತಿಯ ಆಟ. ಎಲ್ಲರೂ ಕಣ್ಣು ಮುಚ್ಚಿ ಸದ್ದು ಮಾಡದೆ ಕೂತು ಹೊರಗಿನ ಸದ್ದು ಕೇಳೋದು. ಹಕ್ಕಿ, ಗಾಳಿ, ದೂರದ ಗಾಡಿ. ಸುಮ್ನಿರಿ ಅಂತ ಮೇಜು ಕುಟ್ಟಿದರೆ ಬರದ ಮೌನ ಈ ಆಟದಲ್ಲಿ ತಾನಾಗಿ ಬರುತ್ತೆ. ಬೇಕಾದರೆ ನಮ್ಮ ಒಂದನೇ ಕ್ಲಾಸಿನಲ್ಲಿ ಮಾಡಿಸಿ ನೋಡಿ.

ಗಿಜುಭಾಯಿ ಮಾಂಟೆಸ್ಸರಿಯನ್ನು ಗುರು ಅಂತ ಒಪ್ಪಿಕೊಂಡಿದ್ದರು, ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ. ಒಂದು ವಿಷಯದಲ್ಲಿ ಅವರ ದಾರಿ ಬೇರೆಯಾಯಿತು, ಅದೇ ಕತೆ. ಮಾಂಟೆಸ್ಸರಿಗೆ ಚಿಕ್ಕ ಮಕ್ಕಳಿಗೆ ರಾಜಕುಮಾರಿ, ಮಾಯಾವಿ, ಮಾತಾಡುವ ಪ್ರಾಣಿಗಳ ಕತೆ ಹೇಳೋದು ಅಷ್ಟು ಹಿಡಿಸ್ತಿರಲಿಲ್ಲ. ಮೊದಲು ಮಗು ನಿಜವಾದ ಪ್ರಪಂಚವನ್ನು ಮುಟ್ಟಿ ನೋಡಿ ತಿಳಿಯಲಿ ಅನ್ನೋದು ಆಕೆಯ ವಾದ. ಗಿಜುಭಾಯಿ ಅಜ್ಜಿಕತೆಗಳ ನಾಡಿನವರು. ಸೌರಾಷ್ಟ್ರದ ಹಳ್ಳಿಗಳಲ್ಲಿ ಜನ ಹೇಳ್ತಿದ್ದ ಕಾಗೆ ಗುಬ್ಬಿ ಕತೆ, ಪೆದ್ದ ಜೋಯಿಸನ ಕತೆ, ರಾಜನ ಕತೆ ಎಲ್ಲ ಸೇರಿಸಿ ಮಕ್ಕಳ ಬಾಯಲ್ಲಿ ಆಡೋ ಭಾಷೆಯಲ್ಲಿ ಬರೆದರು. ಬಾಲಮಂದಿರದಲ್ಲಿ ಮೀಸೆ ಕುಣಿಸಿಕೊಂಡು ತಾವೇ ಹೇಳ್ತಿದ್ದರು, ಮಕ್ಕಳ ಜೊತೆ ನಾಟಕ ಆಡ್ತಿದ್ದರು. ನಾಟಕಕ್ಕೆ ಮಾತು ಬಾಯಿಪಾಠ ಮಾಡಿಸ್ತಿರಲಿಲ್ಲ. ಕತೆ ಗೊತ್ತಿದ್ದರೆ ಮಾತು ಮಗುವಿಗೆ ತಾನಾಗಿ ಬರುತ್ತೆ.

ಅವರ ಕತೆಗಳಲ್ಲಿ ಎಲ್ಲರಿಗೂ ಗೊತ್ತಿರೋದು ಆನಂದಿ ಕಾಗೆಯ ಕತೆ. ಒಂದು ಕಾಗೆ ತಪ್ಪು ಮಾಡಿತು ಅಂತ ರಾಜ ಅದಕ್ಕೆ ಶಿಕ್ಷೆ ಕೊಡ್ತಾನೆ. ಕೆಸರಿಗೆ ಎಸೆಸಿದರೆ ಕಾಗೆ ಕೆಸರಲ್ಲೇ ಹಾಡು ಹೇಳುತ್ತೆ. ಬಾವಿಗೆ ಹಾಕಿದರೆ ಈಜು ಕಲೀತಾ ಇದ್ದೀನಿ ಅಂತ ಖುಷಿಪಡುತ್ತೆ. ಮುಳ್ಳಿಗೆ ಹಾಕಿದರೂ ಅಷ್ಟೆ. ಕೊನೆಗೆ ರಾಜನೇ ಸೋತು ಅದನ್ನು ಬಿಟ್ಟುಬಿಡ್ತಾನೆ. ಒಂದೇ ಥರದ ಘಟನೆ ಮತ್ತೆ ಮತ್ತೆ ಬರೋದರಿಂದ ಮೂರು ವರ್ಷದ ಮಗುವೂ ಮುಂದಿನ ಸಾಲನ್ನು ಮುಂಚೆಯೇ ಹೇಳುತ್ತೆ. ಹಾಗೆ ಹೇಳ್ತಾ ಹೇಳ್ತಾ ಮಾತು ಕಲಿಯುತ್ತೆ, ಮುಂದೇನು ಅಂತ ಊಹಿಸೋದನ್ನು ಕಲಿಯುತ್ತೆ, ಸುಮ್ಮನೆ ಕೂತು ಕೇಳೋದನ್ನೂ ಕಲಿಯುತ್ತೆ. ಓದೋದಕ್ಕೆ ಬೇಕಾದ ಮೂರೂ ಅದರಲ್ಲಿದೆ, ಸ್ಲೇಟು ಬಳಪ ಇಲ್ಲದೆಯೇ. ಗುರು ಗಿಜುಭಾಯಿಯೋ ಮಾಂಟೆಸ್ಸರಿಯೋ ಅಂತ ಇಲ್ಲಿ ಕೇಳಿದರೆ ನನ್ನ ಓಟು ಗಿಜುಭಾಯಿಗೆ.

ಕತೆಯ ಶಕ್ತಿ ಎಷ್ಟು ಅಂತ ಅವರು ಒಂದು ಪುಸ್ತಕದಲ್ಲಿ ತೋರಿಸಿದ್ದಾರೆ. ಅದರ ಹೆಸರು ದಿವಾಸ್ವಪ್ನ, ಅಂದರೆ ಹಗಲುಗನಸು. ಒಬ್ಬ ಮೇಷ್ಟ್ರು ಶಿಕ್ಷಣಾಧಿಕಾರಿಯ ಹತ್ತಿರ ಹೋಗಿ ಒಂದು ವರ್ಷದ ಮಟ್ಟಿಗೆ ನಾಲ್ಕನೇ ಕ್ಲಾಸನ್ನು ತನಗೆ ಬಿಟ್ಟುಕೊಡಿ ಅಂತ ಕೇಳಿಕೊಂಡು ಪ್ರಯೋಗ ಮಾಡೋ ಕತೆ ಅದು. ಮೊದಲ ದಿನವೇ ಶಾಂತಿಯ ಆಟ ಆಡಿಸೋಕೆ ಹೋಗಿ ಮಣ್ಣುಮುಕ್ಕುತ್ತಾನೆ. ಹುಡುಗರು ಕಿರುಚಾಡ್ತಾರೆ, ಬೇರೆ ಮೇಷ್ಟ್ರುಗಳು ನಗ್ತಾರೆ. ಆಮೇಲೆ ಕತೆ ಶುರು ಮಾಡಿದ ಮೇಲೆ ಅದೇ ಹುಡುಗರು ಮನೆಗೆ ಹೋಗೋಕೆ ಒಪ್ಪೋದಿಲ್ಲ. ಎಲ್ಲರೂ ಒಂದೇ ಪುಸ್ತಕ ಕೊಳ್ಳೋ ದುಡ್ಡಲ್ಲಿ ಬೇರೆ ಬೇರೆ ಪುಸ್ತಕ ತಂದು ಕ್ಲಾಸಿನಲ್ಲೇ ಪುಟ್ಟ ಲೈಬ್ರರಿ ಮಾಡ್ತಾನೆ. ಕನ್ನಡಿ ಬಾಚಣಿಗೆ ಇಟ್ಟು ತಲೆ ಬಾಚೋದು, ಉಗುರು ನೋಡೋದು ಎಲ್ಲ ಅಲ್ಲಿ ಪಾಠವೇ. ಈ ಪುಸ್ತಕ ಭಾರತದ ಹಲವು ಭಾಷೆಗಳಿಗೆ ಹೋಗಿದೆ. ಮೇಷ್ಟ್ರು ಮೊದಲ ದಿನವೇ ಸೋತ ಅಂತ ಮುಚ್ಚುಮರೆ ಇಲ್ಲದೆ ಬರೆದಿರೋದು ನನಗೆ ಬಹಳ ಮೆಚ್ಚುಗೆಯಾಯಿತು.

ಬಾಲಮಂದಿರ ನಡೀತಾ ನಡೀತಾ ಗಿಜುಭಾಯಿಗೆ ಇನ್ನೊಂದು ಕಷ್ಟ ಕಾಣಿಸಿತು. ಮಗು ಇಲ್ಲಿ ಇರೋದು ನಾಲ್ಕೈದು ಗಂಟೆ, ಉಳಿದದ್ದೆಲ್ಲ ಮನೆಯಲ್ಲಿ. ಇಲ್ಲಿ ತಾನೇ ಊಟ ಮಾಡೋದು ಕಲಿತ ಮಗುವಿಗೆ ಮನೆಯಲ್ಲಿ ಅಜ್ಜಿ ತುತ್ತು ಕಲಸಿ ಬಾಯಿಗೆ ಇಡ್ತಾಳೆ. ಇಲ್ಲಿ ಹೆದರಿಕೆ ಬಿಟ್ಟ ಮಗುವನ್ನು ಮನೆಯಲ್ಲಿ ಗುಮ್ಮ ಬಂತು, ಪೊಲೀಸ್ ಬಂದ ಅಂತ ಹೆದರಿಸ್ತಾರೆ. ನೆಂಟರು ಬಂದರೆ ಹಾಡು ಹೇಳು, ಪದ್ಯ ಹೇಳು ಅಂತ ಕೋತಿ ಕುಣಿಸಿದ ಹಾಗೆ ಕುಣಿಸ್ತಾರೆ. ಇದನ್ನೆಲ್ಲ ಯಾರಿಗೆ ಹೇಳೋದು? ಅವರು ಅಪ್ಪ ಅಮ್ಮಂದಿರಿಗೇ ಪುಸ್ತಕ ಬರೆದರು. ಒಂದರ ಹೆಸರಿನ ಅರ್ಥ ತಾಯಿ ತಂದೆ ಆಗೋದು ಕಷ್ಟ ಅಂತ. ಇನ್ನೊಂದರ ಹೆಸರನ್ನು ನಮ್ಮ ಮಾತಿನಲ್ಲಿ ಹೇಳೋದಾದರೆ ಇದೇನು ತಲೆನೋವು! ಮನೆಯಲ್ಲಿ ದಿನಾ ನಡೆಯೋ ಸಣ್ಣ ಸಣ್ಣ ಜಗಳ, ಹಟ, ಅಳು ಎಲ್ಲ ಅದರಲ್ಲಿ ಬರುತ್ತೆ. ಮಗು ಹಟ ಮಾಡೋದಕ್ಕೆ ಎಷ್ಟೋ ಸಲ ಕಾರಣ ದೊಡ್ಡವರೇ. ಅದು ತಾನೇ ಮಾಡ್ತೀನಿ ಅಂತ ಹೊರಟಾಗ ನಾವು ಬಿಡೋದಿಲ್ಲ, ಬೇಗ ಆಗಲಿ ಅಂತ ಕೈಯಿಂದ ಕಿತ್ತುಕೊಳ್ತೀವಿ. ಅಲ್ಲಿಂದ ಅಳು ಶುರು.

ಇದು ನೂರು ವರ್ಷದ ಹಿಂದಿನ ಮಾತು ಅಂತ ಅನ್ನಿಸುತ್ತಾ? ನಮ್ಮೂರ ಬಸ್ ಸ್ಟ್ಯಾಂಡಿನ ಹತ್ತಿರ ಬೆಳಿಗ್ಗೆ ನಿಂತು ನೋಡಿ. ಮೂರೂವರೆ ವರ್ಷದ ಮಗು ಕತ್ತಿಗೆ ಟೈ, ಬೆನ್ನಿಗೆ ಚೀಲ ಹಾಕಿಕೊಂಡು ನಿದ್ದೆಗಣ್ಣಲ್ಲೇ ವ್ಯಾನ್ ಹತ್ತುತ್ತೆ. ಸಾಯಂಕಾಲ ಅದಕ್ಕೆ ಹೋಂವರ್ಕ್. ಬೆರಳು ಇನ್ನೂ ಬಲಿತಿಲ್ಲ, ಸಾಲು ಸಾಲು ಎ ಬಿ ಸಿ ಬರೀಬೇಕು. ಬರೀದಿದ್ದರೆ ಅಮ್ಮನ ಕೈಯಿಂದ ಏಟು. ಆ ಅಮ್ಮನ್ನೂ ಬೈಯೋಕೆ ಆಗೋದಿಲ್ಲ. ಮಗು ಹಿಂದೆ ಬಿದ್ದರೆ ಅನ್ನೋ ಭಯ ಅವಳಿಗೆ. ಕೂಲಿ ದುಡ್ಡಲ್ಲಿ ಫೀಸು ಕಟ್ಟಿರ್ತಾಳೆ. ಇತ್ತ ಅಂಗನವಾಡಿ ಅಂದರೆ ಮೊಟ್ಟೆ ಕೊಡೋ ಜಾಗ, ಪುಷ್ಟಿ ಪುಡಿ ಕೊಡೋ ಜಾಗ ಅಂತಷ್ಟೇ ಜನ ತಿಳಿದಿದ್ದಾರೆ. ಅಲ್ಲಿ ಹಾಡು, ಕತೆ, ಆಟ ಇದೆ ಅಂದರೆ, ಓ ಬರೀ ಆಟ ಅಂತಾರೆ. ಆ ವಯಸ್ಸಿಗೆ ಆಟವೇ ಪಾಠ ಅಂತ ಹೇಳೋಕೆ ಒಬ್ಬ ವಕೀಲರು ಕೋರ್ಟು ಬಿಟ್ಟು ಬಂದು ಹತ್ತೊಂಬತ್ತು ವರ್ಷ ವಾದ ಮಾಡಿದರು. ಆ ವಾದದ ತೀರ್ಪು ನಮ್ಮೂರ ಮನೆಗಳಲ್ಲಿ ಇನ್ನೂ ಬಂದಿಲ್ಲ.

ಮನೆಯಲ್ಲಿ ಏನು ಮಾಡಬಹುದು ಅಂತ ಅಕ್ಕಂದಿರು ಅಣ್ಣಂದಿರು ಕೇಳಿದರೆ, ಮರದ ಗುಂಡುಗಳನ್ನು ದುಡ್ಡು ಕೊಟ್ಟು ತರಬೇಕಿಲ್ಲ. ಅವರೆಕಾಯಿ ಸುಲಿಯೋವಾಗ ತಂಗಿಗೂ ನಾಲ್ಕು ಕಾಯಿ ಕೊಡಿ, ಬೆರಳಿಗೆ ಅದಕ್ಕಿಂತ ಒಳ್ಳೇ ಕಸರತ್ತಿಲ್ಲ. ಕಡ್ಲೆ, ಹೆಸರು, ಹುರುಳಿ ಬೆರೆಸಿ ಮೂರು ಬಟ್ಟಲಿಗೆ ಬೇರೆ ಮಾಡೋಕೆ ಹೇಳಿ. (ಮೂಗಿಗೆ ಕಿವಿಗೆ ತುರುಕಿಕೊಳ್ಳದ ಹಾಗೆ ಎದುರಿಗೇ ಕೂತಿರಬೇಕು.) ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಲಿ. ಚೆಲ್ಲಿದರೆ ಬಟ್ಟೆ ಕೊಟ್ಟು ಒರೆಸೋಕೆ ಹೇಳಿ, ಬೈಯಬೇಡಿ. ಮಾತಾಡಿಸ್ತಾ ಇರಿ, ಇದೇನು ಅದೇನು ಅಂತ ಕೇಳಿದರೆ ಉತ್ತರ ಕೊಡಿ. ಟಿ.ವಿ. ಮುಂದೆ, ಮೊಬೈಲ್ ಕೈಗೆ ಕೊಟ್ಟು ಕೂರಿಸಿದರೆ ಮಗು ಸುಮ್ಮನಿರುತ್ತೆ ನಿಜ. ಆದರೆ ಮೊಬೈಲು ಮಗುವಿನ ಪ್ರಶ್ನೆ ಕೇಳಿಸಿಕೊಂಡು ಮುಖ ನೋಡಿ ನಗೋದಿಲ್ಲ.

ಗಿಜುಭಾಯಿ ಒಬ್ಬರೇ ಇದನ್ನೆಲ್ಲ ಮಾಡೋಕೆ ಆಗ್ತಿರಲಿಲ್ಲ. 1923ರಲ್ಲಿ ಅವರ ಜೊತೆಗೆ ತಾರಾಬಾಯಿ ಮೋಡಕ್ ಬಂದು ಸೇರಿದರು. ಮುಂಬಯಿಯ ಮರಾಠಿ ಹೆಣ್ಣುಮಗಳು, 1914ರಲ್ಲೇ ಬಿ.ಎ. ಮಾಡಿದವರು, ರಾಜಕೋಟೆಯಲ್ಲಿ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿನ ಮುಖ್ಯಸ್ಥೆಯಾಗಿದ್ದವರು. ಇಬ್ಬರೂ ಸೇರಿ ಶಿಕ್ಷಣ ಪತ್ರಿಕಾ ಎಂಬ ಮಾಸಪತ್ರಿಕೆ ತಂದರು, ಚಿಕ್ಕ ಮಕ್ಕಳಿಗೆ ಕಲಿಸೋ ಶಿಕ್ಷಕರನ್ನು ತಯಾರು ಮಾಡಿದರು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಹುಟ್ಟಿತು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಬಂದಾಗ ಗಿಜುಭಾಯಿ ಅದಕ್ಕೂ ಧುಮುಕಿ ಮಕ್ಕಳ ವಾನರಸೇನೆ ಕಟ್ಟಿದರು. ದೊಡ್ಡವರಿಗೆ ಅಕ್ಷರ ಕಲಿಸೋ ಪ್ರಯತ್ನವನ್ನೂ ಮಾಡಿದರು. ಸಣ್ಣವು ದೊಡ್ಡವು ಸೇರಿ ಅವರು ಬರೆದ ಪುಸ್ತಕಗಳು ನೂರಕ್ಕೂ ಹೆಚ್ಚು. ಇಷ್ಟೆಲ್ಲ ಮಾಡಿ ದೇಹ ಸೋತುಹೋಯಿತು. 1936ರಲ್ಲಿ ದಕ್ಷಿಣಾಮೂರ್ತಿ ಬಿಟ್ಟರು. 1939ರ ಜೂನ್ 23ರಂದು ಮುಂಬಯಿಯಲ್ಲಿ ತೀರಿಕೊಂಡರು. ವಯಸ್ಸು ಇನ್ನೂ 53.

ಇಲ್ಲಿ ಒಂದು ವಿಷಯ ಓದಿದರೆ ಹೊಟ್ಟೆ ಚುರುಕ್ ಅನ್ನುತ್ತೆ. ಅದೇ ವರ್ಷ ನವೆಂಬರ್ ತಿಂಗಳಲ್ಲಿ ಮಾರಿಯಾ ಮಾಂಟೆಸ್ಸರಿ ಭಾರತಕ್ಕೆ ಬಂದರು. ಮದ್ರಾಸಿನ ಅಡ್ಯಾರಿನಲ್ಲಿ ಇಳಿದು, ಯುದ್ಧದ ದೆಸೆಯಿಂದ ಇಲ್ಲೇ ಉಳಿದು, ಕೊಡೈಕನಾಲಿನಲ್ಲೂ ಇದ್ದು, ಭಾರತದ ನೂರಾರು ಶಿಕ್ಷಕರಿಗೆ ತಾವೇ ಪಾಠ ಹೇಳಿದರು. ಆಕೆಯ ಹೆಸರನ್ನು ಗುಜರಾತಿನ ಮನೆಮನೆಗೆ ಮುಟ್ಟಿಸಿದ ಶಿಷ್ಯ ಐದು ತಿಂಗಳ ಹಿಂದೆ ಹೋಗಿಬಿಟ್ಟಿದ್ದರು.

ಮಗ ನರೇಂದ್ರ, ಯಾರಿಗೋಸ್ಕರ ಇದೆಲ್ಲ ಶುರುವಾಯಿತೋ ಆ ಮಗ, ಮುಂದೆ ತಂದೆಯ ಕೆಲಸವನ್ನೇ ಹಿಡಿದರು. ಸೊಸೆ ವಿಮುಬೆಹನ್ ಕೂಡ ಅದೇ ದಾರಿಯಲ್ಲಿ ನಡೆದರು.

ಒಂದು ಕೊರತೆ ಮಾತ್ರ ಗಿಜುಭಾಯಿಯ ಕಾಲದಲ್ಲಿ ಉಳಿದಿತ್ತು. ಆಗ ಇಂಥ ಶಿಶುಶಾಲೆಗಳೆಲ್ಲ ಹೆಚ್ಚಾಗಿ ಪಟ್ಟಣದವು, ಸ್ವಲ್ಪ ಅನುಕೂಲ ಇದ್ದವರ ಮಕ್ಕಳು ಬರ್ತಿದ್ದಂಥವು. ಸಾಮಾನು ದುಬಾರಿ, ಜಾಗ ಬೇಕು. ಹಳ್ಳಿಯ ಬಡ ಮಗುವಿಗೆ ಯಾರು ಕೊಡೋರು? ಇದನ್ನು ಕೈಗೆತ್ತಿಕೊಂಡವರು ತಾರಾಬಾಯಿ. 1945ರಲ್ಲಿ ಅವರು ಮುಂಬಯಿಯ ಉತ್ತರಕ್ಕೆ ಸಮುದ್ರದ ದಂಡೆಯ ಬೋರ್ಡಿ ಎಂಬ ಹಳ್ಳಿಗೆ ಹೋಗಿ ಬಾಲವಾಡಿ ಶುರು ಮಾಡಿದರು. ಜೊತೆಗೆ ಅನುತಾಯಿ ವಾಘ್, ಬಾಲ್ಯದಲ್ಲೇ ಮದುವೆಯಾಗಿ ಕೆಲವೇ ತಿಂಗಳಲ್ಲಿ ವಿಧವೆಯಾಗಿ, ಆಮೇಲೆ ಓದಿ ಶಿಕ್ಷಕಿಯಾದವರು. ಬಾಲವಾಡಿ ತೆರೆದರೇನು, ಹರಿಜನ ಕೇರಿಯ ಮಕ್ಕಳು ಬರಲೇ ಇಲ್ಲ. ಮೈಮೇಲೆ ಬಟ್ಟೆ ಸರಿ ಇಲ್ಲ, ಸಂಕೋಚ, ಜೊತೆಗೆ ಕಂಕುಳಲ್ಲಿ ಇನ್ನೊಂದು ಕೂಸು. ಕರೆದು ಕರೆದು ಸಾಕಾಗಿ ಇವರೇ ಸಾಮಾನು ಹೊತ್ತುಕೊಂಡು ಆ ಕೇರಿಗೆ ಹೋದರು. ಮನೆಗಳ ಮುಂದಿನ ಅಂಗಳದಲ್ಲಿ ಕೂತರು. ಮಕ್ಕಳಿಗೆ ಮೈ ತೊಳೆಸಿದರು, ತಲೆ ಬಾಚಿದರು, ಹಾಡು ಕತೆ ಹೇಳಿದರು. ದುಬಾರಿ ಸಾಮಾನಿನ ಬದಲು ಬೆಣಚುಕಲ್ಲು, ಎಲೆ, ಬೀಜ, ಕಪ್ಪೆಚಿಪ್ಪು. ಅಂಗಳಕ್ಕೆ ಮರಾಠಿ, ಹಿಂದಿಯಲ್ಲಿ ಅಂಗನ್ ಅಂತಾರೆ. ಅಂಗನದಲ್ಲಿ ನಡೆದ ಆ ಬಾಲವಾಡಿಗೆ ಅಂಗನವಾಡಿ ಅಂತ ಹೆಸರಾಯಿತು.

1957ರಲ್ಲಿ ಅವರು ಹತ್ತಿರದ ಕೋಸಬಾಡ ಗುಡ್ಡಕ್ಕೆ ಹೋದರು. ಅಲ್ಲಿ ವಾರ್ಲಿ ಆದಿವಾಸಿಗಳು. ಅಲ್ಲಿನ ಹುಡುಗರು ದನ ಮೇಯಿಸೋಕೆ ಹೋಗ್ತಿದ್ದರು, ಶಾಲೆಗೆ ಬರೋಕೆ ಆಗ್ತಿರಲಿಲ್ಲ. ಸರಿ, ದನ ಮೇಯೋ ಹುಲ್ಲುಗಾವಲಿಗೇ ಶಾಲೆ ಹೋಯಿತು. ತಾರಾಬಾಯಿಗೆ 1962ರಲ್ಲಿ ಪದ್ಮಭೂಷಣ ಬಂತು. 1973ರಲ್ಲಿ ತೀರಿಕೊಂಡರು. ಎರಡು ವರ್ಷದ ಮೇಲೆ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರು ಮಾಡಿತು. ಅದರ ಕೇಂದ್ರಗಳಿಗೆ ಅಂಗನವಾಡಿ ಅಂತಲೇ ಹೆಸರಾಯಿತು. ಕರ್ನಾಟಕದಲ್ಲಿ ಮೊದಲು ಅದು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ.

(ಬರೆಯೋಕೆ ಕೂತಾಗ ಒಂದು ಶೀಟಿನಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ, ಮೂರಾಯಿತು. ಆದ್ದರಿಂದ ಈ ಸಲ ಪದಬಂಧ ಇಲ್ಲ.)

ಮುಂದಿನ ತಿಂಗಳ ಸಂಚಿಕೆಗೆ: ನಿಮ್ಮ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಅತ್ತೆ ಯಾರಾದರೂ ಚಿಕ್ಕ ಮಕ್ಕಳಿಗೆ ಹೇಳೋ ಒಂದು ಕತೆ ಕೇಳಿಕೊಂಡು, ಅವರು ಹೇಳಿದ ಮಾತಿನಲ್ಲೇ ಬರೆದು ತನ್ನಿ. ಪುಸ್ತಕದಿಂದ ನಕಲು ಮಾಡಿದ್ದು ಬೇಡ. ಒಂದೇ ಮಾತು ಮತ್ತೆ ಮತ್ತೆ ಬರೋ ಕತೆ ಆದರೆ ಇನ್ನೂ ಒಳ್ಳೇದು. ಆರಿಸಿದ ನಾಲ್ಕು ಕತೆಗಳನ್ನು ಬರೆದವರೇ ಶನಿವಾರ ಬೆಳಿಗ್ಗೆ ಅಂಗನವಾಡಿಗೆ ಹೋಗಿ ಪುಟ್ಟ ಮಕ್ಕಳಿಗೆ ಹೇಳಬೇಕು. ಅಂಗನವಾಡಿ ಅಕ್ಕನವರ ಹತ್ತಿರ ಮಾತಾಡಿದ್ದಾಗಿದೆ, ಬನ್ನಿ ಅಂದಿದ್ದಾರೆ.